ಪುಕ್ಕಟೆ ಕತ್ತರಿಗೆ ಸಿಕ್ಕ ಒಡಪು

ಅಕ್ಕಿಆಲೂರಿನ ಬಸ್‌ಸ್ಟ್ಯಾಂಡ್ ಎದುರು ಝೆರಾಕ್ಸ್ ಅಂಗಡಿ ಇಟ್ಟಿರುವ ನೀಲಾಂಬಿಕಾಗೆ ಕಂಪ್ಯೂಟರ್ ಹೊಸದೇನಲ್ಲ. ಊರಿನ ಅರ್ಧ ಮಂದಿಯ ಲಗ್ನಪತ್ರಿಕೆಗಳು ಅವಳ ಬೆರಳಡಿಯಿಂದಲೇ ಹೊರಬಂದಿವೆ. ಆದರೆ ವಿಡಿಯೊ ಕತ್ತರಿಸಿ ಜೋಡಿಸುವ ಕೆಲಸಕ್ಕೆ ಅವಳು ಯಾವತ್ತೂ ಕೈ ಹಾಕಿರಲಿಲ್ಲ. ಈಗ ಹಾಕಲೇಬೇಕಾಗಿ ಬಂದದ್ದು ಅತ್ತೆ ಹಾಲವ್ವನ ದೆಸೆಯಿಂದ.

ನಡೆದದ್ದು ಇಷ್ಟು. ನೀಲಾಂಬಿಕಾಳ ಮಗಳು ತನುಜಾಳನ್ನು ಹಿರೇಕೆರೂರಿಗೆ ಕೊಟ್ಟಿದೆ. ಅಲ್ಲಿ ಅವಳ ಕುಬಸದ, ಅಂದರೆ ಸೀಮಂತದ ದಿನ, ಹೆಂಗಸರೇ ತುಂಬಿದ್ದ ಪಡಸಾಲೆಯಲ್ಲಿ, ಗಂಡನ ಹೆಸರನ್ನು ಪ್ರಾಸ ಕಟ್ಟಿ ಹೇಳುವ ಒಡಪಿನ ಸಡಗರ ಶುರುವಾಯಿತು. ತನುಜಾ ಅಜ್ಜಿಯ ಬೆನ್ನು ಹತ್ತಿದಳು. ಹಾಲವ್ವ ಅಂದರೆ ತನ್ನ ಮದುವೆಯ ದಿನವೇ ಹೊಸ್ತಿಲಲ್ಲಿ ನಿಂತು, ಒಡಪು ಬಾಯಿಗೆ ಬಾರದೆ ಅತ್ತು, ಹಾಗೆಯೇ ಒಳಗೆ ಬಂದವಳು. ಅಂದಿನಿಂದ ಗಂಡ ಕುಬೇರಪ್ಪ ಅವಳಿಗೆ ‘ಇವರು’, ಹೆಚ್ಚೆಂದರೆ ‘ನಿಮ್ಮಜ್ಜ’. ಅಂಥವಳು ಅವತ್ತು ಅದೇನು ಹುಕಿ ಬಂತೋ, ಹೇಳಿಯೇಬಿಟ್ಟಳು. ಸೊಸೆಯ ಫೋನಿನಲ್ಲಿ ಅದು ಸೆರೆಯೂ ಆಯಿತು.

ಈಗ ತನುಜಾಳ ಕೂಸನ್ನು ತೊಟ್ಟಿಲಿಗೆ ಹಾಕುವ ಹೊತ್ತು. ಬೀಗರೆಲ್ಲ ಅಕ್ಕಿಆಲೂರಿಗೆ ಬರುವವರು. ಕುಬಸದ ವಿಡಿಯೊವನ್ನು ಚೆಂದ ಮಾಡಿ ಟಿವಿಯಲ್ಲಿ ಹಾಕಬೇಕೆಂದು ತನುಜಾಳ ಹಟ. ಹಾಲವ್ವ ಒಪ್ಪಿದಳು, ಆದರೆ ಅದು ಹೊರಗಿನ ಗಂಡಸರ ಕೈಗೆ ಹೋಗಕೂಡದು, ಸೊಸೆಯೇ ಮಾಡಬೇಕು.

"ಅವ್ರು ಕೇಳೂದಿದ್ರ ಅದರಾಗ ಕೇಳ್ಲಿ. ಮತ್ತೊಮ್ಮಿ ಹೇಳಂದ್ರ ನಾ ಹೇಳಾಕಿ ಅಲ್ಲ," ಅಂದಳು.

ಅಲ್ಲಿಗೆ, ಇಷ್ಟು ವರ್ಷ ಸಂಸಾರ ಮಾಡಿದ ಕುಬೇರಪ್ಪ ಹೆಂಡತಿಯ ಬಾಯಲ್ಲಿ ತನ್ನ ಹೆಸರು ಕೇಳುವುದು ಇದೊಂದೇ ಸಲ. ಅದೂ ಕೆಟ್ಟರೆ ಇನ್ನಿಲ್ಲ.

ಶಿಗ್ಗಾವಿಯಲ್ಲಿ ಮದುವೆ ಶೂಟಿಂಗ್ ಮಾಡುವ ತಮ್ಮ ಚನ್ನೇಶನಿಗೆ ನೀಲಾಂಬಿಕಾ ಫೋನು ಹಚ್ಚಿದಳು. ತನ್ನ ಸಾಫ್ಟ್‌ವೇರ್ ದುಬಾರಿಯದು, ಅಕ್ಕನ ಹಳೇ ಕಂಪ್ಯೂಟರ್ ಅದರ ಭಾರ ತಾಳದು, ಪುಕ್ಕಟೆಯವು ಬೇಕಾದಷ್ಟಿವೆ, ನೋಡಿ ಆರಿಸಿಕೋ ಅಂದ. ನೋಡುವುದು ಹೇಗೆ ಅಂತ ಹೇಳುವಷ್ಟರಲ್ಲಿ ಅಲ್ಲಿ ಮದುವೆಯಲ್ಲಿ ಅಕ್ಕಿಕಾಳು ಹಾಕುವ ಹೊತ್ತಾಗಿ ಫೋನು ಇಟ್ಟ.

ಮೊದಲು ಸಿಕ್ಕ ಸಾಫ್ಟ್‌ವೇರ್ ಬಹಳ ವಿನಯದಿಂದ ನಡೆದುಕೊಂಡಿತು. ಕೆಲಸವೆಲ್ಲ ಮುಗಿದು ಸೇವ್ ಮಾಡುವಾಗ ಬುದ್ಧಿ ತೋರಿಸಿತು: ಹಾಲವ್ವನ ಹಣೆಯ ಕುಂಕುಮವೇ ಕಾಣದಂತೆ ತನ್ನ ಹೆಸರನ್ನು ದಪ್ಪಗೆ ಬಡಿದಿಟ್ಟಿತು. ಅಳಿಸಬೇಕಾದರೆ ರೊಕ್ಕ ಕಟ್ಟಬೇಕಂತೆ. ಊಟಕ್ಕೆ ಕರೆದು ಕೈತೊಳೆಯುವ ನೀರಿಗೆ ಬಿಲ್ಲು ಹರಿಯುವ ಧಾರಾಳತನ. ಇನ್ನೊಂದರಲ್ಲಿ ಕೆಲಸ ಮುಗಿಯಿತು ಅನ್ನುವಾಗ ಕರೆಂಟು ಹೋಯಿತು. ಬಂದ ಮೇಲೆ ನೋಡಿದರೆ, ನೀನ್ಯಾರು ತಾಯಿ ಅನ್ನುವಂತೆ ಖಾಲಿ ಕೂತಿತ್ತು.

ಆಮೇಲೆ ಬಂದದ್ದು ಮಹಾ ಜಾಣ. ಗುಂಡಿ ಒತ್ತು, ಬೇಡದ್ದನ್ನೆಲ್ಲ ನಾನೇ ತೆಗೆಯುತ್ತೇನೆ ಅಂದಿತು. ಒತ್ತಿದಳು. ಚಿಟಿಕೆ ಹೊಡೆಯುವುದರಲ್ಲಿ ವಿಡಿಯೊ ತಯಾರು, ಹಣೆಯೂ ಸ್ವಚ್ಛ. ನೀಲಾಂಬಿಕಾ ಹಿಗ್ಗಿ ಹೀರೇಕಾಯಿಯಾಗಿ ಅತ್ತೆಗೆ ತೋರಿಸಿದಳು. ಹಾಲವ್ವನ ಮುಖ ಸಣ್ಣದಾಯಿತು.

"ಹಿಂಗ ಎಮ್ಮಿ ಕರದಂಗ ಕರದೇನೇನವಾ ನಾ ಅವ್ರನ್ನ? ಹೆಸರಿನ ಮುಂದ ಬಂದು ನಿಂತಿದ್ನಿ. ಆ ನಿಂತದ್ದು ಎಲ್ಲಿ ಹೋತು?"

ನೀಲಾಂಬಿಕಾ ಫೋನಿನಲ್ಲಿದ್ದ ಮೂಲವನ್ನು ತೆಗೆದು ನೋಡಿದಳು. ಒಡಪಿನ ಕೊನೆಗೆ ಬಂದು ಹಾಲವ್ವ ನಿಂತುಬಿಟ್ಟಿದ್ದಾಳೆ. ಬಳೆ ಸರಿಸುತ್ತಾಳೆ, ಬಾಗಿಲ ಕಡೆ ನೋಡುತ್ತಾಳೆ, ಉಗುಳು ನುಂಗುತ್ತಾಳೆ. ಪಡಸಾಲೆ ಉಸಿರು ಬಿಗಿಹಿಡಿದು ಕೂತಿದೆ. ಆಮೇಲೆ ಹೆಸರು. ಸದ್ದಿಲ್ಲದ್ದೆಲ್ಲ ಕಸವೆಂದು ತಿಳಿದ ಆ ಜಾಣ ಸಾಫ್ಟ್‌ವೇರ್ ಅಷ್ಟನ್ನೂ ಗುಡಿಸಿ ಹಾಕಿತ್ತು. ಅದಕ್ಕೇನು ಗೊತ್ತು, ಅದಕ್ಕೆ ಗಂಡನೇ, ನಾಚಿಕೆಯೇ? ಆದರೆ ತಾನೂ ಒಡಪು ಹೇಳಿದವಳು, ತನಗೂ ತಿಳಿಯಲಿಲ್ಲವಲ್ಲ ಎಂದು ನೀಲಾಂಬಿಕಾಗೆ ಕಸಿವಿಸಿಯಾಯಿತು.

ಈ ಸಲ ಚನ್ನೇಶನನ್ನು ಬಿಡದೆ ಹಿಡಿದಳು. ಚೆಂದದ್ದು ಬೇಡ, ಹೇಳಿದಷ್ಟೇ ಮಾಡಿ ಸುಮ್ಮನಿರುವಂಥದ್ದು ಹೇಳು ಅಂದಳು. ಅವನು ಹೇಳಿದ್ದು, ಆಸಕ್ತರು ಹಲವರು ಸೇರಿ ಕಟ್ಟಿ, ಒಳಗಿನ ಕೋಡ್ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟದ್ದು. ನೋಡಲು ಸಪ್ಪೆ. ನೀಲಾಂಬಿಕಾ ಒಮ್ಮೆಲೇ ಅತ್ತೆಯನ್ನು ಅದರ ಕೈಗೆ ಕೊಡಲಿಲ್ಲ. ಸಂತೆಯ ವಿಡಿಯೊ ಒಂದನ್ನು ಹಾಕಿ, ಕತ್ತರಿಸಿ, ಸೇವ್ ಮಾಡಿ ನೋಡಿದಳು. ಎಲ್ಲಿಯೂ ಮುದ್ರೆ ಇರಲಿಲ್ಲ. ಕೆಲಸದ ನಡುವೆ ಬೇಕೆಂತಲೇ ಮೇನ್ ಸ್ವಿಚ್ ಆರಿಸಿದಳು. ಮತ್ತೆ ಹಚ್ಚಿದಾಗ, ಬಿಟ್ಟಲ್ಲಿಂದ ಮುಂದುವರಿಸಲೇ ಅಂತ ಕೇಳಿತು. ಆಮೇಲೆಯೇ ಹಾಲವ್ವನನ್ನು ಅದಕ್ಕೆ ಒಪ್ಪಿಸಿದಳು. ಮುಂದಿನದು ಹಿಂದಿನದು ಕತ್ತರಿಸಿದಳು, ಆ ನಿಂತದ್ದನ್ನು ಮಾತ್ರ ಮುಟ್ಟಲಿಲ್ಲ.

ತೊಟ್ಟಿಲ ದಿನ ಊಟ ಮುಗಿದು ಬೀಗರೆಲ್ಲ ಟಿವಿ ಮುಂದೆ ಕೂತರು. ಕುಬೇರಪ್ಪನಿಗೆ ಮುಂದಿನ ಕುರ್ಚಿ. ಹಾಲವ್ವ ಹಿಂದೆ ತೊಟ್ಟಿಲ ಹಗ್ಗ ಹಿಡಿದು, ತನಗೂ ಇದಕ್ಕೂ ಸಂಬಂಧವಿಲ್ಲದವಳಂತೆ ತೂಗುತ್ತಿದ್ದಳು. ಟಿವಿಯಲ್ಲಿ ಅವಳ ದನಿ ಬಂತು:

"ಹಸರ ಸೀರಿ ಉಟ್ಟು, ಹಣಿಗೆ ಕುಂಕುಮ ಇಟ್ಟು, ಮೊಮ್ಮಗಳ ಕುಬಸಕ ಬಂದೇನಿ ಮನಸಿಟ್ಟು, ನಮ್ಮ ಮನಿ ಯಜಮಾನರು…"

ನಿಂತಿತು. ಟಿವಿಯೊಳಗಿನ ಪಡಸಾಲೆಯೂ ಹೊರಗಿನ ಪಡಸಾಲೆಯೂ ಒಟ್ಟಿಗೆ ಸ್ತಬ್ಧ. ಬಾಯಲ್ಲಿ ಎಲೆ ಅಡಿಕೆ ಇದ್ದ ಕುಬೇರಪ್ಪ ಜಗಿಯುವುದನ್ನು ಬಿಟ್ಟ. ಟಿವಿ ಕೆಟ್ಟಿತೇನೋ ಎಂದು ಬೀಗರೊಬ್ಬರು ರಿಮೋಟಿಗೆ ಕೈ ಚಾಚಿದರು, ನೀಲಾಂಬಿಕಾ ತಡೆದಳು.

"…ಕುಬೇರಪ್ಪನವರು."

"ಓ," ಅಂದ ಮುದುಕ, ಕುರ್ಚಿಯಿಂದ ಅರ್ಧ ಎದ್ದು.

ಮನೆ ತುಂಬ ನಗೆ ಎದ್ದಿತು. ಕುಬೇರಪ್ಪ ನಗಲಿಲ್ಲ. ಟಿವಿಗೆ ಬೆನ್ನು ಮಾಡಿ ತೊಟ್ಟಿಲ ಕಡೆ ತಿರುಗಿದ.

"ಕರದಿ ಏನ?"

ಹಾಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತೊಟ್ಟಿಲು ನಿಂತಿತು. ಆಮೇಲೆ ಸೆರಗು ಸರಿಸಿ, ಅವನ ಮುಖ ನೋಡಿ ಅಂದಳು:

"ಹೂಂರಿ, ಕರದೇನಿ."