ಮಗ್ಗುಲೋ ಬೆನ್ನೋ

ಅಂಗಡಿಯ ಹೆಂಗಸು ಕೇಳಿದ ಮೊದಲ ಮೂರು ಪ್ರಶ್ನೆಗಳಿಗೆ ಪಟಪಟನೆ ಉತ್ತರ ಕೊಟ್ಟೆ. ಎಷ್ಟು ಜನ? ಇಬ್ಬರು. ಎಷ್ಟು ದಿನ? ಮೂರು. ಹೊತ್ತುಕೊಂಡು ನಡೆಯುವುದೋ, ಕಾರಿನಲ್ಲಿ ಹೋಗುವುದೋ? ಕಾರು. ಆಮೇಲೆ ನಾಲ್ಕನೆಯದು ಬಂತು.

"ನಿಮ್ಮ ಮನೆಯವರು ಹೇಗೆ ಮಲಗ್ತಾರೆ ಸಾರ್? ಮಗ್ಗುಲಿಗೋ, ಬೆನ್ನ ಮೇಲೋ?"

ನಾನು ಲಿಫ್ಟ್ ರಿಪೇರಿ ಮಾಡುವವನು. ಈ ಊರಿನ ಯಾವ ಕಟ್ಟಡದ ಲಿಫ್ಟು ಯಾವ ಮಹಡಿಯಲ್ಲಿ ಮುನಿಸಿಕೊಂಡು ನಿಲ್ಲುತ್ತದೆ, ಯಾವುದರ ಬಾಗಿಲು ಮುಚ್ಚುವ ಮೊದಲು ಒಮ್ಮೆ ಹಿಂಜರಿಯುತ್ತದೆ ಎಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳಿಯೇನು. ಹೆಂಡತಿ ಹೇಗೆ ಮಲಗುತ್ತಾಳೆ ಎಂದರೆ ಗೊತ್ತಿಲ್ಲ. ಮದುವೆಯಾಗಿ ಇಪ್ಪತ್ತಮೂರು ವರ್ಷ. ಪರಿಚಯವಿಲ್ಲದ ಹೆಂಗಸಿನ ಮುಂದೆ ಹಾಗೆಂದು ಒಪ್ಪಿಕೊಳ್ಳುವುದು ಹೇಗೆ?

"ಬೆನ್ನ ಮೇಲೆ," ಎಂದುಬಿಟ್ಟೆ. ಸುಳ್ಳು ಹೇಳಿದರೆ ನನ್ನ ಕಿವಿ ಕೆಂಪಾಗುತ್ತದೆ. ಪುಣ್ಯಕ್ಕೆ ಆಕೆ ಮೇಲಿನ ಕಪಾಟಿನ ಕಡೆ ನೋಡುತ್ತಿದ್ದಳು.

ನಾನು ಕೊಳ್ಳಲು ಹೋದದ್ದು ತಾನೇ ಗಾಳಿ ತುಂಬಿಕೊಳ್ಳುವ ಮ್ಯಾಟು. ಟೆಂಟಿನಲ್ಲಿ ಹಾಸಿಕೊಂಡು ಮಲಗುವಂಥದ್ದು. ಟೆಂಟನ್ನು ನನ್ನ ಜೊತೆ ಕೆಲಸ ಮಾಡುವ ಗ್ರೀಸಣ್ಣ ಕೊಟ್ಟಿದ್ದ. ಕೊಡುವಾಗಲೇ ಹೆದರಿಸಿದ್ದ: "ಟೆಂಟು ಏನೋ ಚೆನ್ನಾಗಿದೆ. ಕೆಳಗಿನ ನೆಲ ನಿನ್ನ ಮಾವನ ಮನೇದಲ್ಲ. ಕಲ್ಲು ಚುಚ್ಚುತ್ತೆ, ಥಂಡಿ ಮೂಳೆಗೆ ಇಳಿಯುತ್ತೆ. ಒಳ್ಳೆ ಮ್ಯಾಟ್ ತಗೋ." ಒಂದು ಚಾಪೆ ಕೊಳ್ಳುವುದರಲ್ಲಿ ಏನು ಮಹಾ ಎಂದುಕೊಂಡು ಶನಿವಾರ ಮಧ್ಯಾಹ್ನ ಅರ್ಧ ದಿನದ ಕೆಲಸ ಮುಗಿಸಿ ಸೀದಾ ಬಂದಿದ್ದೆ. ಇಲ್ಲಿ ನೋಡಿದರೆ ಒಂದು ಗೋಡೆ ತುಂಬ ಮ್ಯಾಟುಗಳು. ಮೂರು ಸೆಂಟಿಮೀಟರ್ ದಪ್ಪ, ಐದು, ಏಳೂವರೆ, ಹತ್ತು. ಬೇಸಿಗೆಗೆ ಬೇರೆ, ಚಳಿಗೆ ಬೇರೆ. ಮನುಷ್ಯ ಕಣ್ಣು ಮುಚ್ಚಿ ಬಿದ್ದುಕೊಳ್ಳುವುದಕ್ಕೂ ಇಷ್ಟೊಂದು ಲೆಕ್ಕಾಚಾರವೇ ಎಂದು ಸಿಟ್ಟು ಬಂತು. ನನಗೆ ಸಿಟ್ಟು ಬರುವುದು ಹೆಚ್ಚಾಗಿ ಹೆದರಿದಾಗ.

ಹೆದರಿಕೆಗೆ ಕಾರಣವಿತ್ತು. ನನ್ನ ಹೆಂಡತಿ ಬಾಯಿ ಬಿಟ್ಟು ಏನನ್ನೂ ಕೇಳುವವಳಲ್ಲ. ಹೋದ ವಾರ ಕೇಳಿದಳು. ಅವಳು ಆಸ್ಪತ್ರೆಯಲ್ಲಿ ನರ್ಸು, ಇಪ್ಪತ್ತೊಂದು ವರ್ಷದಿಂದ ರಾತ್ರಿ ಪಾಳಿ. ಮುಂದಿನ ತಿಂಗಳಿಂದ ಹಗಲು ಪಾಳಿಗೆ ಹಾಕಿದ್ದಾರೆ. ನಡುವೆ ಮೂರು ದಿನ ರಜೆ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, ನನ್ನ ಮುಖ ನೋಡದೆ ಹೇಳಿದಳು: "ಎಲ್ಲಾದ್ರೂ ಹೋಗೋಣ್ವಾ? ನಾವಿಬ್ರೇ. ಟೆಂಟ್ ಹಾಕ್ಕೊಂಡು, ಬಾಗಿಲಿಲ್ಲದ ಕಡೆ." ನಾನು ಹೂಂ ಅನ್ನುವಷ್ಟರಲ್ಲಿ ಮೆಟ್ಟಿಲಿಳಿದಾಗಿತ್ತು.

ಹನ್ನೆರಡು ಗಂಟೆ ನಿಂತು ನಿಂತು ಅವಳ ಸೊಂಟ ಸವೆದಿದೆ. ಕೆಳಗೆ ಕಲ್ಲು ಚುಚ್ಚಿ ಅವಳು ಮೂರು ರಾತ್ರಿ ಕಣ್ಣು ಬಿಟ್ಟುಕೊಂಡು ಬಿದ್ದಿದ್ದರೆ? ಚೆನ್ನಾಗಿತ್ತು ಅಂತಲೇ ಹೇಳುತ್ತಾಳೆ. ಆದರೆ ಇನ್ನೆಂದೂ ಕೇಳುವುದಿಲ್ಲ. ನನಗೆ ಅದು ಬೇಡವಾಗಿತ್ತು. ಅವಳ ಪಕ್ಕದಲ್ಲಿ ಮಲಗಬೇಕು, ಅವಳು ಅಲ್ಲಿ ನೆಮ್ಮದಿಯಾಗಿ ನಿದ್ದೆ ಹೋಗಬೇಕು, ಅಷ್ಟೇ ನನ್ನ ಆಸೆ.

ಅಂಗಡಿಯವಳು ಒಂದು ಸುರುಳಿ ಬಿಚ್ಚಿ ನೆಲದ ಮೇಲೆ ಹಾಸಿ, ಮೂಲೆಯ ಬಿರಡೆ ತಿರುಗಿಸಿದಳು. ಏನೂ ಆಗಲಿಲ್ಲ.

"ಕೆಟ್ಟಿದೆಯಾ?"

"ಇಲ್ಲ ಸಾರ್. ತುಂಬಾ ದಿನ ಸುತ್ತಿಟ್ಟಿದ್ದಲ್ವಾ, ಮೊದಲ ಸಲ ಏಳೋಕೆ ಹೊತ್ತು ಹಿಡಿಯುತ್ತೆ. ಒಳಗೆ ಸ್ಪಂಜಿದೆ, ಅದೇ ಗಾಳಿ ಎಳ್ಕೊಳ್ಳುತ್ತೆ. ಸುಮ್ನೆ ಬಿಟ್ಟುಬಿಡಿ."

ಕುಕ್ಕರಗಾಲಲ್ಲಿ ಕೂತು ನೋಡಿದೆ. ಸ್ವಲ್ಪ ಹೊತ್ತಿನ ಮೇಲೆ ಬಿರಡೆಯ ಬಾಯಲ್ಲಿ ಸಣ್ಣಗೆ ಸುಯ್ ಎನ್ನತೊಡಗಿತು. ಮಡಿಕೆಗಳು ಒಂದೊಂದಾಗಿ ಬಿಟ್ಟುಕೊಂಡವು. ಹತ್ತು ನಿಮಿಷಕ್ಕೆ ಮ್ಯಾಟು ಉಬ್ಬಿ ಎದ್ದಿತ್ತು. ಯಂತ್ರಗಳ ನಡುವೆ ಬದುಕಿದ ನನಗೂ ಅದು ಹಿಡಿಸಿತು.

"ಬೆನ್ನ ಮೇಲೆ ಮಲಗೋರಾದ್ರೆ ಐದು ಸೆಂಟಿಮೀಟರ್ ಸಾಕು," ಎಂದಳು. "ಮಗ್ಗುಲಿಗೆ ಮಲಗೋರಿಗೆ ಸೊಂಟದ ಮೂಳೆ ಒತ್ತಿ ನೆಲ ಮುಟ್ಟುತ್ತೆ. ಅವರಿಗೆ ದಪ್ಪದ್ದೇ ಬೇಕು. ಮತ್ತೆ, ಎರಡು ಸಿಂಗಲ್ ತಗೋತೀರೋ, ಒಂದು ಡಬಲ್ಲೋ? ಸಿಂಗಲ್ಲಾದ್ರೆ ಒಬ್ಬರು ಹೊರಳಿದ್ರೆ ಇನ್ನೊಬ್ಬರಿಗೆ ಗೊತ್ತಾಗಲ್ಲ. ಆದರೆ ಮಧ್ಯೆ ಸಂದು ಬೀಳುತ್ತೆ. ಡಬಲ್ಲಲ್ಲಿ ಸಂದಿಲ್ಲ, ಆದರೆ ಒಬ್ಬರು ಅಲುಗಾಡಿದ್ರೆ ಇನ್ನೊಬ್ಬರಿಗೆ ಎಚ್ಚರ. ಅವರು ತುಂಬಾ ಹೊರಳಾಡ್ತಾರಾ?"

ಮತ್ತೊಂದು ಪ್ರಶ್ನೆ! ಪರೀಕ್ಷೆಗೆ ಓದದೆ ಬಂದವನ ಸ್ಥಿತಿ ನನ್ನದು. ಆಕೆ ನನ್ನ ಕಿವಿಯನ್ನು ನೋಡಿದಳು ಅಂತ ಕಾಣುತ್ತದೆ. ಮೆಲ್ಲಗೆ, "ಅವಸರ ಇಲ್ಲ ಸಾರ್, ಕೇಳ್ಕೊಂಡು ಬನ್ನಿ," ಎಂದಳು.

ಸೋಮವಾರ ಬರುತ್ತೇನೆ ಎಂದು ಹೇಳಿ ಹೊರಬಿದ್ದೆ.

ಗೊತ್ತಿಲ್ಲದಿರುವುದು ಹೇಗೆ ಎಂದು ನೀವು ಕೇಳಬಹುದು. ಮದುವೆಯಾದ ಮೊದಲೆರಡು ವರ್ಷ ಜೊತೆಯಲ್ಲೇ ಮಲಗಿದ್ದೆವು. ಆ ವಯಸ್ಸಿನಲ್ಲಿ ಯಾರು ನೋಡುತ್ತಾರೆ? ತಲೆ ಇಟ್ಟರೆ ಬೆಳಗು. ಆಮೇಲೆ ಮಗಳು ಹುಟ್ಟಿದಳು. ಮಗು ಒಂಟಿಯಾಗಬಾರದೆಂದು ನಾನು ಹಗಲು, ಅವಳು ರಾತ್ರಿ ಎಂದು ಹಂಚಿಕೊಂಡೆವು. ನಾನು ಮನೆಗೆ ಬರುವ ಹೊತ್ತಿಗೆ ಅವಳು ಹೊರಡುತ್ತಾಳೆ, ಅವಳು ಬರುವ ಹೊತ್ತಿಗೆ ನಾನು. ಒಂದೇ ಹಾಸಿಗೆ, ಒಂದೇ ಹೊದಿಕೆ, ಒಂದೇ ಅಲಾರಂ. ಬುಧವಾರ ಅವಳಿಗೆ ವಾರದ ರಜೆ. ಆದರೆ ಅವಳ ಮೈಗೆ ರಾತ್ರಿಯೇ ಹಗಲು. ನಿದ್ದೆ ಬಾರದೆ, ನನಗೆ ತೊಂದರೆಯಾಗಬಾರದೆಂದು ಅಡುಗೆಮನೆಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಾಳೆ. ವರ್ಷಕ್ಕೊಮ್ಮೆ ಎಲ್ಲಾದರೂ ಹೋದರೆ ನಡುವೆ ಮಗಳು ಕೈಕಾಲು ಚಾಚಿ ಮಲಗಿರುತ್ತಿದ್ದಳು. ಆ ಮಗಳಿಗೂ ಈಗ ಅವಳದೇ ಮನೆಯಿದೆ. ಪಾಳಿ ಮಾತ್ರ ಹಾಗೆಯೇ ಉಳಿಯಿತು.

ಇನ್ನು ಭಾನುವಾರ. ನನಗೆ ರಜೆ, ಅವಳು ಒಳಗೆ ಮಲಗಿರುತ್ತಾಳೆ. ಹೋಗಿ ನೋಡಬಹುದಿತ್ತಲ್ಲ ಅನ್ನುತ್ತೀರಿ. ಇಲ್ಲ. ನಮ್ಮ ಮನೆಯಲ್ಲಿ ಒಂದು ನಿಯಮವಿದೆ: ಮಲಗಿದವರ ಬಾಗಿಲು ತೆರೆಯಬಾರದು. ಮಾಡಿದವನು ನಾನೇ. ಮಗಳಿಗೆ ಮೂರು ವರ್ಷವಿದ್ದಾಗ ಒಂದು ಶನಿವಾರ ಮಧ್ಯಾಹ್ನ ಕಾಲುಚೀಲ ಹುಡುಕಲು ದಡಾರನೆ ಬಾಗಿಲು ತೆರೆದಿದ್ದೆ. ಅವಳಿಗೆ ಎಚ್ಚರವಾಯಿತು, ಮತ್ತೆ ನಿದ್ದೆ ಹತ್ತಲಿಲ್ಲ. ಅವತ್ತು ರಾತ್ರಿ ವಾರ್ಡಿನಲ್ಲಿ ಚಾರ್ಟ್ ಬರೆಯುತ್ತಾ ತೂಕಡಿಸಿ, ಹಿರಿಯ ನರ್ಸಿನಿಂದ ಎಲ್ಲರೆದುರು ಬೈಸಿಕೊಂಡಳು. ಬೆಳಿಗ್ಗೆ ಬಂದವಳು ಚಪ್ಪಲಿಯನ್ನೂ ಬಿಚ್ಚದೆ ಅತ್ತಳು. ನನ್ನ ಕೈ ಕತ್ತರಿಸಿಕೊಳ್ಳಬೇಕು ಅನ್ನಿಸಿತು. ಅಂದಿನಿಂದ ನಿಯಮ. ನಾನು ಹಗಲಲ್ಲಿ ಬೆಕ್ಕಿನ ಹೆಜ್ಜೆ ಇಡುತ್ತೇನೆ. ಪಾತ್ರೆ ತೊಳೆಯುವಾಗ ನಲ್ಲಿಯನ್ನು ನೂಲಿನಷ್ಟೇ ಬಿಡುತ್ತೇನೆ. ತಿಂಗಳಿಗೊಮ್ಮೆ, ಅವಳು ಡ್ಯೂಟಿಗೆ ಹೋದ ಮೇಲೆ, ಆ ಬಾಗಿಲ ತಿರುಗಣಿಗಳಿಗೆ ಲಿಫ್ಟಿನ ಒಳ್ಳೆಯ ಎಣ್ಣೆ ಬಿಡುತ್ತೇನೆ. ಅವಳು ನೀರಿಗೆಂದು ಎದ್ದು ಬಂದಾಗ ಕಿರ್ ಎಂದು ಅವಳ ನಿದ್ದೆ ಹಾರಬಾರದಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಪ್ರತಿ ಭಾನುವಾರ ಹನ್ನೊಂದರ ಸುಮಾರಿಗೆ ನಾನು ಆ ಬಾಗಿಲ ಬಳಿ ಹೋಗಿ ನಿಲ್ಲುತ್ತೇನೆ. ಐದು ನಿಮಿಷ. ಒಮ್ಮೊಮ್ಮೆ ಹತ್ತು. ಏನೂ ಕೇಳಿಸುವುದಿಲ್ಲ. ಅವಳು ಒಳಗಿದ್ದಾಳೆ ಎನ್ನುವುದೇ ಸಾಕಾಗುತ್ತಿತ್ತು ಎಂದರೆ ಅದೂ ಸುಳ್ಳು. ಸಾಕಾಗುತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದುಕೊಂಡು ಅವಳಿಗಾಗಿ ಹಂಬಲಿಸಿದಷ್ಟು ನಾನು ಯಾವುದಕ್ಕೂ ಹಂಬಲಿಸಿಲ್ಲ.

ಆ ಭಾನುವಾರವೂ ಅವಳು ಎಂಟೂವರೆಗೆ ಬಂದಳು. ಸ್ನಾನ ಮಾಡಿ, ಒಂದು ಲೋಟ ಬಿಸಿ ಹಾಲು ಕುಡಿದು, ನಾಲ್ಕಕ್ಕೆ ಅಲಾರಂ ಇಟ್ಟು ಬಾಗಿಲು ಹಾಕಿಕೊಂಡಳು. ನಾನು ಪಾತ್ರೆ ತೊಳೆದೆ. ಬಟ್ಟೆ ಮಡಚಿದೆ. ಬಾಯಿಬಿಟ್ಟು ಕೇಳಬಹುದಿತ್ತು, ಎದ್ದ ಮೇಲೆ. ಆದರೆ ಇಷ್ಟು ವರ್ಷವಾದ ಮೇಲೆ "ನೀನು ಹೇಗೆ ಮಲಗ್ತೀಯ?" ಎಂದು ಕೇಳಲು ನಾಚಿಕೆಯಾಯಿತು. ಅದಲ್ಲದೆ ನಿದ್ದೆಯಲ್ಲಿ ತಾನು ಹೇಗಿರುತ್ತೇನೆ ಎಂದು ಅವಳಿಗಾದರೂ ಹೇಗೆ ಗೊತ್ತಿರಬೇಕು? ಅದನ್ನು ಪಕ್ಕದವರು ಹೇಳಬೇಕು.

ಹನ್ನೊಂದಕ್ಕೆ ಹೋಗಿ ಬಾಗಿಲ ಮುಂದೆ ನಿಂತೆ. ಹಿಡಿಯ ಮೇಲೆ ಕೈಯಿಟ್ಟೆ. ಮ್ಯಾಟಿಗೋಸ್ಕರ ಎಂದು ನನಗೆ ನಾನೇ ಹೇಳಿಕೊಂಡು ತಳ್ಳಿದೆ. ಬಾಗಿಲು ಚೂರೂ ಸದ್ದು ಮಾಡಲಿಲ್ಲ. ಎಣ್ಣೆಯ ಕೆಲಸ ಚೆನ್ನಾಗಿಯೇ ಆಗಿತ್ತು.

ಪರದೆ ಎಳೆದ ಕೋಣೆಯಲ್ಲಿ ಅವಳು ಬೆನ್ನ ಮೇಲೆ ಮಲಗಿದ್ದಳು. ಕಣ್ಣು ತೆರೆದಿತ್ತು. ಬಾಗಿಲನ್ನೇ ನೋಡುತ್ತಿದ್ದಳು.

"ಏನ್ರೀ? ಮಗಳು ಹುಷಾರಾಗಿದ್ದಾಳಾ?" ಎಂದು ದಡಬಡಿಸಿ ಎದ್ದು ಕೂತಳು.

"ಏನೂ ಆಗಿಲ್ಲ, ಎಲ್ಲ ಸರಿ ಇದೆ. ನಾನು... ನೀನು ಹೇಗೆ ಮಲಗ್ತೀಯ ಅಂತ ನೋಡೋಕೆ ಬಂದೆ."

"ಏನು?"

"ಮ್ಯಾಟ್ ಅಂಗಡೀಲಿ ಕೇಳಿದ್ರು. ಮಗ್ಗುಲೋ ಬೆನ್ನೋ ಅಂತ. ನಂಗೆ ಗೊತ್ತಿರಲಿಲ್ಲ." ನನ್ನ ಕಿವಿ ಬಿಸಿಯಾಗಿತ್ತು, ಈ ಸಲ ಸುಳ್ಳು ಹೇಳದೆಯೇ. "ತಪ್ಪಾಯ್ತು ಕಣೇ. ನಿದ್ದೆ ಕೆಡಿಸಿಬಿಟ್ಟೆ."

"ಇದ್ರೆ ತಾನೇ ಕೆಡೋದು," ಎಂದಳು. ಮೊಣಕಾಲು ತಬ್ಬಿಕೊಂಡಳು. "ಭಾನುವಾರ ನಂಗೆ ನಿದ್ದೆ ಬರಲ್ಲ ರೀ. ಯಾವತ್ತೂ ಬಂದಿಲ್ಲ."

"ಯಾಕೆ? ನಾನು ಸದ್ದು ಮಾಡ್ತೀನಾ?"

"ಅಯ್ಯೋ, ಸದ್ದಾದ್ರೂ ಮಾಡಬಾರದಾ? ಒಳ್ಳೆ ಕಳ್ಳರ ಥರ ಓಡಾಡ್ತೀರಿ." ನಗಲು ಹೋದವಳು ನಗಲಿಲ್ಲ. "ನೀವು ಮನೇಲಿರ್ತೀರಲ್ಲ, ಅದಕ್ಕೆ. ಬೇರೆ ದಿನ ತಲೆ ಇಟ್ಟ ತಕ್ಷಣ ನಿದ್ದೆ. ಭಾನುವಾರ ಮಾತ್ರ ಹೀಗೇ ಕೇಳ್ತಾ ಬಿದ್ದಿರ್ತೀನಿ. ಪಾತ್ರೆ ತೊಳೀತೀರಿ, ಬಟ್ಟೆ ಮಡಚ್ತೀರಿ. ಹನ್ನೊಂದಕ್ಕೆ ಬಂದು ಬಾಗಿಲ ಹತ್ರ ನಿಲ್ತೀರಿ. ಬಾಗಿಲ ಕೆಳಗಿನ ಸಂದೀಲಿ ನಿಮ್ಮ ಕಾಲಿನ ನೆರಳು ಕಾಣುತ್ತೆ. ಆಮೇಲೆ ಹೋಗಿಬಿಡ್ತೀರಿ."

ನೆರಳಿನ ಯೋಚನೆ ನನಗೆ ಹೊಳೆದೇ ಇರಲಿಲ್ಲ.

"ಒಂದು ಮಾತು ಹೇಳಬಾರದಿತ್ತಾ?"

"ಹೇಗೆ ಹೇಳಲಿ? ನನ್ನ ನಿದ್ದೆಗೋಸ್ಕರ ನಲ್ಲಿ ನೀರನ್ನೂ ಸಣ್ಣಗೆ ಬಿಡೋ ಮನುಷ್ಯ ನೀವು. ನಿದ್ದೆನೇ ಬರಲ್ಲ ಅಂತ ನಿಮ್ಮ ಹತ್ರ ಹೇಗೆ ಹೇಳಲಿ?" ಅವಳು ಬಾಗಿಲ ಕಡೆ ಕೈ ತೋರಿಸಿದಳು. "ತಿಂಗಳು ತಿಂಗಳು ಬಾಗಿಲಿಗೆ ಎಣ್ಣೆ ಹಾಕ್ತೀರಲ್ಲ, ಬೆಳಿಗ್ಗೆ ಬಂದ್ರೆ ವಾಸನೆ ಬರೋದು. ಸದ್ದಾಗದ ಹಾಗೆ ಒಳಗೆ ಬರೋಕೇ ಇರಬೇಕು, ಇವತ್ತಲ್ಲ ನಾಳೆ ಬಂದೇ ಬರ್ತಾರೆ ಅಂದ್ಕೊಂಡಿದ್ದೆ."

ನನಗೆ ಅಳು ಬಂತು. ಅದಕ್ಕಿಂತ ಮೊದಲು ಸಿಟ್ಟು ಬಂತು, ನನ್ನ ಮೇಲೆ. ಹದಿನೆಂಟು ವರ್ಷದಲ್ಲಿ ಎಷ್ಟು ಭಾನುವಾರ ಬರುತ್ತವೆ ಎಂದು ಲೆಕ್ಕ ಹಾಕಲು ಹೋದ ಮನಸ್ಸನ್ನು ಗದರಿಸಿ ಸುಮ್ಮನಾಗಿಸಿದೆ.

ಅವಳು ಗೋಡೆಯ ಕಡೆ ಸರಿದಳು. ಸರಿಯುವುದಕ್ಕೆ ಹೆಚ್ಚೇನೂ ಇರಲಿಲ್ಲ. ಮೊದಲೇ ಅಂಚಿಗಿದ್ದಳು. ನಾನು ಈಚೆಯ ಅಂಚಿನಲ್ಲಿ, ದಿನಾ ರಾತ್ರಿ ಮಲಗುವ ಜಾಗದಲ್ಲೇ ಮೈ ಚೆಲ್ಲಿದೆ. ಅಲ್ಲಿ ನನ್ನ ಮೈಯಷ್ಟು ತಗ್ಗು ಬಿದ್ದಿದೆ. ಆಚೆ ಅವಳ ತಗ್ಗು. ನಡುವೆ ಕೈಯಿಟ್ಟೆ. ಹಾಸಿಗೆಯ ನಡುಭಾಗ ಅಂಗಡಿಯಿಂದ ತಂದ ದಿನದ ಹಾಗೆ ಗಟ್ಟಿಯಾಗಿತ್ತು. ಪೂರ್ತಿ ಹಾಸಿಗೆ ಒಬ್ಬೊಬ್ಬರಿಗೇ ಸಿಗುತ್ತಿದ್ದರೂ ಇಬ್ಬರೂ ಒಂದು ದಿನವಾದರೂ ನಡುವೆ ಮಲಗಿರಲಿಲ್ಲ.

"ಹೆಗಲು ಹತ್ರ ತನ್ನಿ," ಎಂದಳು.

ಸರಿದು ಹತ್ತಿರ ತಂದೆ. ಅವಳ ಕೂದಲಿನಲ್ಲಿ ಸೋಪಿನ ವಾಸನೆಯ ಕೆಳಗೆ ಇನ್ನೂ ಸ್ವಲ್ಪ ಆಸ್ಪತ್ರೆಯ ವಾಸನೆಯಿತ್ತು. ಎರಡು ಮಾತಾಡಿದೆವು, ಮೂರನೆಯದಕ್ಕೆ ಉತ್ತರ ಬರಲಿಲ್ಲ. ನೋಡಿದರೆ ನಿದ್ದೆ ಹೋಗಿದ್ದಳು. ಸ್ವಲ್ಪ ಹೊತ್ತಿಗೆ ಹೊರಳಿದಳು. ಒಂದೇ ಸಲ ಹೊರಳಿದ್ದು. ಮೊಣಕಾಲು ಮಡಚಿ, ಒಂದು ಕೈ ಕೆನ್ನೆಯ ಕೆಳಗಿಟ್ಟು, ಬಾಯಿ ತುಸು ತೆರೆದು. ನನ್ನ ತೋಳು ಜೋಮು ಹಿಡಿಯಿತು. ಮಧ್ಯಾಹ್ನದ ಊಟವೂ ತಪ್ಪಿತು. ನಾಲ್ಕಕ್ಕೆ ಅಲಾರಂ ಹೊಡೆಯುವವರೆಗೆ ನಾನು ಅಲುಗಾಡಲಿಲ್ಲ.

ಸೋಮವಾರ ಕೆಲಸ ಮುಗಿಸಿ ಅಂಗಡಿಗೆ ಹೋದೆ. ಆಕೆ ನನ್ನನ್ನು ಮರೆತಿರಲಿಲ್ಲ.

"ಕೇಳಿದ್ರಾ ಸಾರ್? ಮಗ್ಗುಲೋ ಬೆನ್ನೋ?"

"ಮಗ್ಗುಲು," ಎಂದೆ. "ಎಡ ಮಗ್ಗುಲು. ಹೊರಳಾಡಲ್ಲ, ಒಂದೇ ಸಲ. ಡಬಲ್ ಕೊಡಿ, ಹತ್ತು ಸೆಂಟಿಮೀಟರಿಂದು. ಮಧ್ಯೆ ಸಂದಿರಬಾರದು."

ಆಕೆ ಏಣಿ ಹತ್ತಿ ಸುರುಳಿಯನ್ನು ಇಳಿಸುತ್ತಾ ಕೇಳಿದಳು, "ನೀವು ಹೇಗೆ ಮಲಗ್ತೀರಿ?"

"ಅದು ನಂಗೆ ಹೇಗೆ ಗೊತ್ತಾಗಬೇಕು? ಶುಕ್ರವಾರ ಹೋಗ್ತಿದ್ದೀವಿ," ಎಂದೆ. "ಅವಳು ನೋಡಿ ಹೇಳ್ತಾಳೆ."