ತವರಿನ ಹೆಸರಿನ ಜಾಗ

ಶವಪೆಟ್ಟಿಗೆಯ ಮುಚ್ಚಳವನ್ನು ಎತ್ತಿ ಹಿಡಿದಿದ್ದ ಇಬ್ಬರ ಮಧ್ಯೆ ಇಗ್ನೇಷಿಯಸ್ ಕೈ ಅಡ್ಡ ಹಾಕಿದರು.

“ಒಂದ್ನಿಮಿಷ,” ಎಂದರು, ಕನ್ನಡದಲ್ಲೇ. ಶವಸಂಸ್ಕಾರ ನಡೆಸಿಕೊಡಲು ಬಂದಿದ್ದ ಆ ಐರಿಷ್ ಗಂಡಸರಿಗೆ ಭಾಷೆ ಬೇಕಾಗಲಿಲ್ಲ. ಮುಚ್ಚಳ ಹಿಡಿದೇ ಅರ್ಧ ಹೆಜ್ಜೆ ಹಿಂದೆ ಸರಿದರು. ಇಗ್ನೇಷಿಯಸ್ ಬಾಗಿ ಹೆಂಡತಿಯ ಹಣೆಯ ಮೇಲಿನ ಕೂದಲನ್ನು ಸರಿಮಾಡಲು ಹೋದರು. ನಡುಗುವ ಬೆರಳು ಇದ್ದದ್ದನ್ನೂ ಕೆದರಿತು. ಮಗಳು ಲವೀನಾ ಬಂದು ಓರಣ ಮಾಡಿದಳು.

ಡನ್‌ಡಾಕ್‌ನ ಆ ಮನೆಯ ಕಿಟಕಿಯಾಚೆ ಸಮುದ್ರದ ಮಂಜು ಬೀದಿಯನ್ನು ಪೂರ್ತಿ ನುಂಗಿತ್ತು. ಎರಡು ದಿನದಿಂದ ಜನ ಆ ಮಂಜಿನಲ್ಲೇ ಹುಟ್ಟಿದವರಂತೆ ಬಾಗಿಲಲ್ಲಿ ಮೂಡುತ್ತಿದ್ದರು. ಲಿಡ್ವಿನ್‌ಳ ತಣ್ಣನೆಯ ಕೈ ಮುಟ್ಟಿ, ಟೀ ಕುಡಿದು, ಮತ್ತೆ ಅದರೊಳಗೇ ಕರಗುತ್ತಿದ್ದರು.

ಇಬ್ಬರಲ್ಲಿ ಹಿರಿಯವನು ಮುಚ್ಚಳವನ್ನು ಗೋಡೆಗೆ ಒರಗಿಸಿ ಜೇಬಿನಿಂದ ಒಂದು ಹಾಳೆ ತೆಗೆದ. ಪಾದ್ರಿಗಳು ಪೂಜೆಯಲ್ಲಿ ಓದಬೇಕಾದ ವಿವರ. ಒಂದು ಕಡೆ ಖಾಲಿ ಇತ್ತು. ತವರಿನ ಹೆಸರು. ಈ ಊರಿನಲ್ಲಿ ಹೆಂಗಸು ತೀರಿಕೊಂಡರೆ ಗಂಡನ ಮನೆಯ ಹೆಸರಿನ ಪಕ್ಕ ತವರಿನದನ್ನೂ ಹೇಳಲೇಬೇಕು. ಇಲ್ಲದಿದ್ದರೆ ಯಾರ ಮಗಳು ಹೋದಳೆಂದು ಊರಿಗೆ ತಿಳಿಯುವುದಿಲ್ಲ.

“ಲಿಂಗ್ಡೋ ಅಂತ ಬರೀರಿ ಡ್ಯಾಡಿ,” ಎಂದಳು ಲವೀನಾ. “ಮದುವೆ ಸರ್ಟಿಫಿಕೇಟಲ್ಲಿ ಅದೇ ಇದೆಯಲ್ಲ. ಶಿಲ್ಲಾಂಗ್‌ನ ಖಾಸಿ ಬುಡಕಟ್ಟಿನ ಅನಾಥೆ, ನನ್‌ಗಳು ಸಾಕಿದ್ದು. ಎರಡು ದಿನದಿಂದ ಕೇಳ್ತಿದೀನಿ, ಆಮೇಲೆ ಆಮೇಲೆ ಅಂತೀರಿ.”

ಇಗ್ನೇಷಿಯಸ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿಗೆ ತುರುಕಿದರು. “ಚರ್ಚಲ್ಲಿ ಕೊಡ್ತೀನಿ.”

ಆ ಹೊತ್ತಿಗೆ ರಾಜಧಾನಿಯ ಪಕ್ಕದ ಲೂಕನ್‌ನಿಂದ ಕನ್ನಡದವರ ಮಿನಿಬಸ್ಸು ಬಂತು. ಅವರ ಪ್ರವಾಸಗಳಲ್ಲಿ ತಲೆ ಎಣಿಸುವ ಸಂಪತ್ ಕೈಯಲ್ಲಿ ಪಟ್ಟಿ, ಕಿವಿಯ ಮೇಲೆ ಮಾರ್ಕರ್ ಪೆನ್ನು ಸಿಕ್ಕಿಸಿಕೊಂಡೇ ಒಳಗೆ ಬಂದ. ಹೂವಿಟ್ಟು ಕೈಮುಗಿದು, ಮಾತು ತೋಚದೆ ತನಗೆ ಬರುವ ಮಾತನ್ನೇ ಆಡಿದ.

“ಇಪ್ಪತ್ತೆರಡು ಜನ ಅಂಕಲ್. ಎಣಿಸಿದ್ರೆ ಸರಿಯಾಗಿ ಇಪ್ಪತ್ತೆರಡೇ ಬಂತು. ಆಂಟಿ ಇದ್ದಿದ್ರೆ ಒಂದು ಕಮ್ಮಿ ಬರ್ತಿತ್ತು.”

“ಥೂ, ಸುಮ್ನಿರೋ,” ಎಂದು ಗದರಿದ, ಅವನ ಜೊತೆ ಬಸ್ಸಿನಲ್ಲಿ ಬಂದಿದ್ದ ವಸುಂಧರಾ ತಾನೇ ಅಳುತ್ತ ನಕ್ಕಳು. “ಗಾಲ್ವೇ ಟ್ರಿಪ್ಪಲ್ಲಿ ನೆನಪಿದ್ಯಾ? ಇವನು ಬೆರಳೆತ್ತಿದ್ರೆ ಸಾಕು, ಆಂಟಿ ಮಾಯ! ಎಣಿಸಿ ಮುಗಿದ ಮೇಲೆ ನೋಡಿದ್ರೆ ಸೀಟಲ್ಲಿ ಕೂತಿರೋರು, ಏನೂ ಗೊತ್ತಿಲ್ಲದವರ ಹಾಗೆ.”

“ನಾನೇನು ಕಮ್ಮಿನಾ? ಎಣಿಸಿ ಕೊನೆಗೆ ಒಂದು ಸೇರಿಸ್ಕೊಳ್ತಿದ್ದೆ. ಆಂಟಿದು.”

ಮೂಲೆಯಲ್ಲಿ ಕೂತಿದ್ದ ಪಕ್ಕದ ಮನೆಯ ಮುದುಕ ಫಿಂಟನ್, ನಗು ಯಾಕೆಂದು ಕೇಳಿದ. ವಸುಂಧರಾ ಇಂಗ್ಲಿಷಿನಲ್ಲಿ ಹೇಳಿದಳು. ಅವನು ನಗಲಿಲ್ಲ. ಟೀ ಕಪ್ಪನ್ನು ನೆಲಕ್ಕಿಟ್ಟ.

“ನಾಲ್ಕು ವರ್ಷ ಅವಳನ್ನ ಎಣಿಸಿದ್ದಾರೆ. ದಿನಕ್ಕೆರಡು ಸಲ, ತಂತಿಬೇಲಿಯೊಳಗೆ. ಸಾಕಾಗಿರುತ್ತೆ,” ಎಂದ. ಅವನು ಲವೀನಾಳನ್ನು ನೋಡಿದ. “ನಿನ್ನ ಅಮ್ಮ ನಿನಗೆ ಹೇಳಿರಲಿಲ್ಲವಾ?”

*

ಸಾವಿರದ ಒಂಬೈನೂರ ಅರವತ್ತೆರಡು, ನವೆಂಬರ್. ಚೀನಾದ ಜೊತೆ ಯುದ್ಧ ನಡೆದಿತ್ತು. ಶಿಲ್ಲಾಂಗ್‌ನಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಲಿಯೋಂಗ್ ಎಂಬವನ ಮನೆಗೆ ಪೊಲೀಸರು ಬಂದರು. ಅವನ ತಾತ ಚೀನಾದಿಂದ ಬಂದವನು. ಲಿಯೋಂಗ್ ಚೀನಾ ನೋಡಿದವನಲ್ಲ. ಅಪರಾಧವೇನೆಂದು ಕೇಳಿದ್ದಕ್ಕೆ ಅವನ ಮುಖವನ್ನೇ ಒಮ್ಮೆ ನೋಡಿದರು. ಅದೇ ಉತ್ತರ. ಗಂಡ, ಹೆಂಡತಿ, ಒಂಬತ್ತು ವರ್ಷದ ಸ್ಯೂ ಯಿನ್, ನಾಲ್ಕು ವರ್ಷದ ತಮ್ಮ. ಏಳು ದಿನ ರೈಲು.

ಯಾವುದೋ ನಿಲ್ದಾಣದಲ್ಲಿ ಜನ ಕಾದಿದ್ದರು. ಕಲ್ಲು ಬಂತು, ಸಗಣಿ ಬಂತು, ಕಿಟಕಿಯ ಸರಳಿನ ಸಂದಿಯಿಂದ ಒಂದು ಚಪ್ಪಲಿಯೂ ಬಂತು. ಅಪ್ಪ ಅದನ್ನೆತ್ತಿ ತಿರುಗಿಸಿ ನೋಡಿದ. “ಹೊಲಿಗೆ ಸರಿಯಿಲ್ಲ,” ಎಂದ. ಅಂಗಿಯ ಮಡಿಕೆಯಲ್ಲಿ ಬಚ್ಚಿಟ್ಟಿದ್ದ ದಬ್ಬಳ ತೆಗೆದು ಹೊಲಿಯತೊಡಗಿದ. ರೈಲು ಹೊರಟಿತು. ಚಪ್ಪಲಿ ಎಸೆದವರು ಚಿಕ್ಕವರಾಗುತ್ತ ಆಗುತ್ತ ಚುಕ್ಕಿಯಾದರು. ಸ್ಯೂ ಯಿನ್‌ಗೆ ಆ ಒಂಟಿ ಚಪ್ಪಲಿ ನೀರಿನ ಮೇಲಿನ ದೋಣಿಯಂತೆ ಕಂಡಿತ್ತು.

ರಾಜಸ್ಥಾನದ ದೇವ್ಲಿಯ ಬಂಧನ ಶಿಬಿರ. ಮರಳು, ತಂತಿ, ಮತ್ತೆ ಮರಳು. ಯುದ್ಧ ಒಂದು ತಿಂಗಳಿಗೆ ಮುಗಿಯಿತು. ಬೇಲಿ ಮುಗಿಯಲಿಲ್ಲ. ಬೆಳಿಗ್ಗೆ ಸಂಜೆ ಸಾಲಿನಲ್ಲಿ ನಿಲ್ಲಿಸಿ ಬೆರಳು ತೋರಿಸಿ ಎಣಿಸುತ್ತಿದ್ದರು. ಮರುವರ್ಷ ಬೇಸಿಗೆಯಲ್ಲಿ, ಚೀನಾಕ್ಕೆ ಹೋಗುವವರಿಗೆ ಹಡಗು ಬಂದಿದೆ ಎಂದರು. ಅಪ್ಪ ಸಹಿ ಮಾಡಿದ. ಹೊರಡುವ ದಿನ ಸ್ಯೂ ಯಿನ್ ಜ್ವರದ ವಾರ್ಡಿನಲ್ಲಿದ್ದಳು. ಗಂಡಸರಿಗೆ ಒಂದು ಲಾರಿ, ಹೆಂಗಸರಿಗೆ ಒಂದು. ಮಗಳನ್ನು ವಾರ್ಡಿನಿಂದ ಅಪ್ಪ ಕರೆತಂದಿದ್ದಾನೆಂದು ಅಮ್ಮ, ಅಮ್ಮ ಕರೆತಂದಿದ್ದಾಳೆಂದು ಅಪ್ಪ. ಪಕ್ಕದ ಬ್ಯಾರಕ್ಕಿನ ಹುಡುಗಿಯೊಬ್ಬಳು ಸ್ಯೂ ಯಿನ್‌ಳ ತಮ್ಮನ ಕೈ ಹಿಡಿದು ಆಡುತ್ತ ಸಾಲಿನಲ್ಲಿ ನಿಂತಿದ್ದಳು. ಅಧಿಕಾರಿ ಅವಳನ್ನೂ ಸೇರಿಸಿ ತಲೆ ಎಣಿಸಿದ. “ಲೆಕ್ಕ ಸರಿಯಾಗಿದೆ,” ಎಂದ.

ಲಾರಿಗಳು ಹೊರಟವು. ವಾರ್ಡಿನ ಕಿಟಕಿಗೆ ಮುಖ ಒತ್ತಿದ್ದ ಸ್ಯೂ ಯಿನ್‌ಗೆ ಧೂಳು ಮಾತ್ರ ಕಂಡಿತು. ಬಂಗಾರದ ಬಣ್ಣದ, ಮೆತ್ತಗಿನ ಧೂಳು.

*

“ನನಗೆ ಐವತ್ತು ಹತ್ರ ಬಂತು ಡ್ಯಾಡಿ,” ಅಡುಗೆಮನೆಯ ಬಾಗಿಲು ಹಾಕಿ ಲವೀನಾ ಹೇಳಿದಳು. “ಬೇಲಿ ಪಕ್ಕದವರಿಗೆ ಗೊತ್ತು, ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಗೊತ್ತಿಲ್ಲ. ಲಿಂಗ್ಡೋ ಯಾರು ಹಾಗಾದ್ರೆ?”

“ಪೇಪರಲ್ಲಿ ಓದಿದ್ದ ಹೆಸರು. ನಾನೇ ಬರೆದೆ.”

“ಈಗ ಅಳಿಸಿ.”

“ಮೆಲ್ರಾಯ್?” ಇಗ್ನೇಷಿಯಸ್ ದನಿ ಕುಸಿಯಿತು. ಮಗ ನೌಕಾಪಡೆಯಲ್ಲಿ ಎಂಜಿನಿಯರ್. ರಜೆ ಸಿಗದೆ ಕಾರವಾರದಲ್ಲೇ ಉಳಿದಿದ್ದ. “ಅವನ ಫಾರಮ್ಮಲ್ಲೆಲ್ಲ ನಾನು ಕೊಟ್ಟ ಹೆಸರೇ ಇರೋದು. ಚರ್ಚಿನ ಕ್ಯಾಮೆರಾದಲ್ಲಿ ಪೂಜೆ ನೋಡ್ತಾನೆ ಇವತ್ತು. ಪಕ್ಕದಲ್ಲಿ ಯಾರ್ಯಾರು ಕೂತಿರ್ತಾರೋ. ತಾಯಿ ಚೀನಾದವಳು ಅಂದ್ರೆ ಅವನನ್ನ ಬಿಡ್ತಾರಾ?”

“ಅಮ್ಮ ಚೀನಾದವಳಲ್ಲ. ಶಿಲ್ಲಾಂಗಿನವಳು. ಅರವತ್ತು ವರ್ಷ ಆಯ್ತು ಡ್ಯಾಡಿ!”

“ನಿನಗೆ ಅರವತ್ತು. ಅವರಿಗೆ ನಿನ್ನೆ. ಕೊರೋನಾ ವರ್ಷ ಬೆಂಗಳೂರಲ್ಲಿ ತರಕಾರಿ ತರೋಕೆ ಹೋದವಳ ಮುಖಕ್ಕೆ ಉಗಿದ್ರಲ್ಲ, ಮರೆತ್ಯಾ? ಮನೆಗೆ ಬಂದು ಮುಖ ತೊಳೆದು ಸಾರಿಗೆ ಒಗ್ಗರಣೆ ಹಾಕಿದ್ಲು. ಅಷ್ಟೇ.”

ಬಾಗಿಲು ತಟ್ಟಿ ಫಿಂಟನ್ ಬಂದ. ತಾನು ಬಾಯಿಬಿಟ್ಟು ತಪ್ಪು ಮಾಡಿದೆನೇ ಎಂಬ ಅಳುಕು ಅವನ ಮುಖದಲ್ಲಿತ್ತು.

“ಎಪ್ಪತ್ತೊಂದರಲ್ಲಿ, ಉತ್ತರದ ಗಡಿಯಾಚೆ, ಅಲ್ಲಿ ಆಳೋ ಬ್ರಿಟಿಷರು ನನ್ನನ್ನ ಒಳಗೆ ಹಾಕಿದ್ರು,” ಎಂದ ಲವೀನಾಗೆ. “ಆರೋಪ ಇಲ್ಲ, ಕೋರ್ಟಿಲ್ಲ. ಅದಕ್ಕೂ ಮುಂಚೆ, ಎರಡನೇ ಮಹಾಯುದ್ಧದ ಕಾಲದಲ್ಲಿ, ನನ್ನ ಚಿಕ್ಕಪ್ಪನ್ನ ಹಾಕಿದ್ದು ಇದೇ ನಮ್ಮ ಐರಿಷ್ ಸರ್ಕಾರ. ತಂತಿ ಎಲ್ಲಾ ದೇಶದ್ದೂ ಒಂದೇ ಅಂಗಡಿಯದು. ನಿನ್ನ ಅಮ್ಮ ಬಟ್ಟೆ ಒಣಹಾಕುವಾಗ ಇದನ್ನ ಹೇಳಿದೆ. ಅವಳು ಕ್ಲಿಪ್ಪು ಬಾಯಲ್ಲಿಟ್ಟುಕೊಂಡೇ ನಕ್ಕಳು. ಆಮೇಲೆ ತನ್ನದು ಹೇಳಿದಳು.”

“ನನಗ್ಯಾಕೆ ಹೇಳಲಿಲ್ಲ?”

“ನಿನಗೆ ಹೇಳಿದ್ರೆ ನಿನ್ನನ್ನೂ ಎಣಿಸ್ತಾರೆ ಅಂತ,” ಎಂದ ಫಿಂಟನ್.

*

ಮೈಸೂರಿನ ಕಾನ್ವೆಂಟ್ ಶಾಲೆಯ ಕಚೇರಿಯಲ್ಲಿ ಇಗ್ನೇಷಿಯಸ್ ಗುಮಾಸ್ತ. ದುಂಡು ಅಕ್ಷರಕ್ಕೆ ಹೆಸರಾದವರು. ದೇವ್ಲಿಯಿಂದ ಬಿಟ್ಟ ಮೇಲೆ ನನ್‌ಗಳು ಕರೆತಂದು ಸಾಕಿದ ಹುಡುಗಿ, ಎಪ್ಪತ್ತೊಂದರ ಡಿಸೆಂಬರಿನಲ್ಲಿ ಒಂದು ಸಂಜೆ ಕಿಟಕಿಯ ಮುಂದೆ ನಿಂತಳು. ಹೊರಗೆ ಮತ್ತೊಂದು ಯುದ್ಧ ನಡೆದಿತ್ತು. ಗಾಜುಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದರು.

“ಯುದ್ಧ ಬಂದ್ರೆ ಹೆಸರು ನೋಡ್ತಾರೆ,” ಎಂದಳು. ಅವಳು ಕಲಿತ ಹೊಸ ಕನ್ನಡದಲ್ಲಿ ಒಂದೊಂದು ಪದವೂ ತೊಳೆದಿಟ್ಟ ಲೋಟದ ಹಾಗಿತ್ತು. “ಬೇರೆ ಹೆಸರು ಬರೆದು ಕೊಡಿ.”

ದೀಕ್ಷಾಸ್ನಾನದಲ್ಲಿ ಇಟ್ಟ ಲಿಡ್ವಿನ್ ಎಂಬ ಹೆಸರಿತ್ತು. ಅದರ ಪಕ್ಕ ಅವರು ಲಿಂಗ್ಡೋ ಎಂದು ದುಂಡಗೆ ಬರೆದರು. ಶಾಯಿ ಆರುವವರೆಗೆ ಇಬ್ಬರೂ ಅದನ್ನೇ ನೋಡುತ್ತ ನಿಂತರು. ಎರಡು ವರ್ಷದ ನಂತರ ಮದುವೆಯಾಯಿತು. ಗಂಡನ ಮನೆಮಾತಾದ ಕೊಂಕಣಿ ಅವಳಿಗೆ ಬರಲೇ ಇಲ್ಲ. ಮನೆಯ ಭಾಷೆ ಕನ್ನಡವಾಯಿತು. ಎಂದಾದರೊಮ್ಮೆ ನಿದ್ದೆಯಲ್ಲಿ ಅವಳು ಬೇರೆ ಯಾವುದೋ ಭಾಷೆಯಲ್ಲಿ ಯಾರನ್ನೋ ಕರೆಯುತ್ತಿದ್ದಳು. ಇಗ್ನೇಷಿಯಸ್ “ಹೂಂ” ಎನ್ನುತ್ತಿದ್ದರು.

*

ಚರ್ಚಿನ ಕ್ಯಾಮೆರಾದ ಕೆಂಪು ದೀಪವನ್ನೇ ಇಗ್ನೇಷಿಯಸ್ ಪೂಜೆಯುದ್ದಕ್ಕೂ ನೋಡಿದರು. ಹಾಳೆ ಜೇಬಿನಲ್ಲೇ ಉಳಿಯಿತು. ಪಾದ್ರಿ “ನಮ್ಮ ಸೋದರಿ ಲಿಡ್ವಿನ್ ಡಿಸೋಜ” ಎಂದಷ್ಟೇ ಹೇಳಿ ಒಂದು ಕ್ಷಣ ತಡೆದರು, ಯಾರಾದರೂ ಮುಂದಿನದನ್ನು ಹೇಳಿಕೊಡುತ್ತಾರೇನೋ ಎಂಬಂತೆ. ಲವೀನಾ ತಂದೆಯ ಕಡೆ ತಿರುಗಲಿಲ್ಲ.

ಸ್ಮಶಾನದಲ್ಲಿ ಮಂಜು ಇನ್ನೂ ದಟ್ಟವಾಗಿತ್ತು. ಸಾಲು ಶಿಲುಬೆಗಳು ಅರ್ಧಕ್ಕೇ ಕರಗಿ, ತಲೆಯಿಲ್ಲದ ಜನ ಸಾಲಾಗಿ ನಿಂತಂತೆ ಕಾಣುತ್ತಿದ್ದವು. ಪೆಟ್ಟಿಗೆ ಇಳಿಯಿತು. ಮಣ್ಣು ಬಿತ್ತು. ಕಲ್ಲು ನಿಲ್ಲಿಸುವವರೆಗೆ ಇರಲೆಂದು ಒಂದು ಮರದ ಶಿಲುಬೆ ನೆಟ್ಟರು. ಅದರ ಬಿಳಿ ಹಲಗೆಯಲ್ಲಿ ಲಿಡ್ವಿನ್ ಡಿಸೋಜ ಎಂಬ ಒಂದೇ ಸಾಲು ಅಚ್ಚಾಗಿತ್ತು. ಕೆಳಗೆ ಜಾಗ ಉಳಿದಿತ್ತು.

ಮೊಮ್ಮಗಳು ಮೆಲಿಶಾ ಫೋನು ಎತ್ತಿ ಹಿಡಿದಿದ್ದಳು. ಇಲ್ಲಿ ಕ್ಯಾಮೆರಾ ಇಲ್ಲವೆಂದು ಸೋದರಮಾವನಿಗೆ ವೀಡಿಯೊ ಕಾಲ್ ಮಾಡಿದ್ದಳು.

“ಕೈ ನೋಯಲ್ವೇನೇ?” ಎಂದಳು ವಸುಂಧರಾ.

“ಐಯಾಮ್ ಗ್ರ್ಯಾಂಡ್, ಆಂಟಿ,” ಎಂದಳು, ಏನೂ ಪರವಾಗಿಲ್ಲ ಎನ್ನಲು ಈ ಊರಿನವರು ಹೇಳುವಂತೆ.

ಇಗ್ನೇಷಿಯಸ್ ಆ ಫೋನನ್ನು ನೋಡಿದರು. ಅದರೊಳಗೆ ಮಗನ ಮುಖ, ಹಿಂದೆ ಬಿಳಿ ಸಮವಸ್ತ್ರದ ಯಾರದೋ ಭುಜ. ಪೂಜೆಯಲ್ಲಿ ಕೆಂಪು ದೀಪವನ್ನು ನೋಡಿದಷ್ಟೇ ಹೊತ್ತು ನೋಡಿದರೇನೋ ಅನ್ನಿಸಿತು ಲವೀನಾಗೆ. ಆಮೇಲೆ ಅವರು ಸಂಪತ್‌ನ ಕಿವಿಯ ಮೇಲಿದ್ದ ಮಾರ್ಕರ್ ತೆಗೆದುಕೊಂಡರು. ಒದ್ದೆ ಮಣ್ಣಿನಲ್ಲಿ ಮಂಡಿಯೂರಿದರು.

ಮೊದಲ ಗೆರೆಯೇ ಸೊಟ್ಟಗಾಯಿತು. ದುಂಡು ಅಕ್ಷರದ ಕೈ ಅದು. ಈಗ ಗಾಳಿಗೆ ಸಿಕ್ಕ ಎಲೆ. ಲವೀನಾ ಪಕ್ಕದಲ್ಲಿ ಕೂತು ಅವರ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಳು.

“ಹೇಳಿ ಡ್ಯಾಡಿ. ಬರೆಯೋಣ.”

“ಲಿಯೋಂಗ್,” ಎಂದರು. “ಸ್ಯೂ. ಯಿನ್.”

“ಡ್ಯಾಡಿ?” ಫೋನಿನೊಳಗಿಂದ ಮೆಲ್ರಾಯ್. “ಏನು ಬರೀತಿದ್ದೀರಿ?”

“ನಿಮ್ಮ ಅಮ್ಮನ ಹೆಸರು.”

ಬಿಳಿ ಭುಜ ಹಿಂದೆಯೇ ಇತ್ತು. ಮೆಲ್ರಾಯ್ ಅದರ ಕಡೆ ಒಮ್ಮೆ ತಿರುಗಿ ನೋಡಿದ, ಮತ್ತೆ ಇತ್ತ ನೋಡಿದ.

“ಮೆಲಿಶಾ, ಹತ್ತಿರ ಹಿಡಿ,” ಎಂದ. “ಇನ್ನೂ ಹತ್ತಿರ.”

ಫಿಂಟನ್ ಟೋಪಿ ತೆಗೆದು, ಹಲಗೆಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿದ. ಉಚ್ಚಾರ ಅವನಿಗೆ ಮೊದಲೇ ರೂಢಿಯಾಗಿತ್ತು.

ಹಿಂದಿರುಗುವ ಹೊತ್ತಿಗೆ ಎಲ್ಲರ ಬೂಟಿನಲ್ಲೂ ಮಣ್ಣು. ಒಬ್ಬೊಬ್ಬರೇ ಮಂಜಿನಿಂದ ಬಂದು ಬಸ್ಸು ಹತ್ತಿ ಕೂತರು. ಸಂಪತ್ ಮುಂದೆ ನಿಂತು ರೂಢಿಯಂತೆ ಬೆರಳೆತ್ತಿದ. “ಒಂದು, ಎರಡು…” ವಸುಂಧರಾ ಅವನನ್ನೇ ನೋಡುತ್ತಿದ್ದಳು. ಬೆರಳು ಗಾಳಿಯಲ್ಲೇ ನಿಂತಿತು. ಅವನು ಮೆಲ್ಲಗೆ ಅದನ್ನು ಮಡಚಿ ಕೈಯನ್ನು ಕೋಟಿನ ಜೇಬಿಗೆ ಇಳಿಬಿಟ್ಟ.

“ಎಲ್ಲರೂ ಬಂದರಾ? ಬಾಗಿಲು ಹಾಕಲಾ?” ಎಂದು ಡ್ರೈವರ್ ಕೇಳಿದ.

ಸಂಪತ್ ತೆರೆದ ಬಾಗಿಲ ಕಡೆ ನೋಡಿದ. ಎಂಜಿನ್ ಗುನುಗುತ್ತಿತ್ತು. ತೆರೆದ ಬಾಗಿಲಿನಿಂದ ಮಂಜು ಮೆಟ್ಟಿಲು ಹತ್ತಿ ಒಳಗೆ ಬಂದು, ಕಿಟಕಿಯ ಪಕ್ಕ ಖಾಲಿಯಿದ್ದ ಒಂದು ಸೀಟಿನವರೆಗೂ ಹರಿಯಿತು.