ತಮ್ಮನ ಸೈಕಲ್ಲಿನ ಅಳತೆ

ಒಮ್ಮೆ ಹಾರಿಹೋಗುತ್ತಿದ್ದ ಮೋಡಕ್ಕೆ ಕಣ್ಣಳತೆಯಲ್ಲೇ ಅಂಗಿ ಹೊಲಿದುಕೊಟ್ಟ ದರ್ಜಿ ನಾನು. ಬಿರುಗಾಳಿಗೂ ಅದರ ಒಂದು ಗುಂಡಿ ಕಿತ್ತುಬರಲಿಲ್ಲ. ಅಂಥವನನ್ನು ಬಿಟ್ಟು ನನ್ನ ಗಿಡ್ಡ ತಮ್ಮ ಇನ್ಯಾರನ್ನು ಸೈಕಲ್ ಅಂಗಡಿಗೆ ಕರೆದೊಯ್ದಾನು? ಅವನಿಗೆ ಬೇಕಿದ್ದದ್ದು ಎರಡು ಕೆಲಸಕ್ಕೂ ಆಗುವ, ಕೆಳಕ್ಕೆ ಬಾಗಿದ ಹ್ಯಾಂಡಲಿನ ಒಂದೇ ಸೈಕಲ್: ದಿನವೂ ಆಫೀಸಿಗೆ, ರಜೆಯಲ್ಲಿ ಸಾಮಾನು ಕಟ್ಟಿಕೊಂಡು ಸಮುದ್ರದವರೆಗೆ. ಅಗಲ ಟೈರು, ಗಟ್ಟಿ ಕ್ಯಾರಿಯರ್ ಇದ್ದ ಎತ್ತರದ ಸೈಕಲ್ ತೋರಿಸಿ, "ಇದೇ ನಿನ್ನ ಅಳತೆ" ಎಂದೆ. ಸೀಟು ತಗ್ಗಿಸಿದರೂ ಅವನ ಕಾಲು ಸರಿಯಾಗಿ ಎಟುಕಲಿಲ್ಲ. "ಅಭ್ಯಾಸ ಆಗುತ್ತೆ ಬಿಡೋ" ಎಂದೆ. ನನ್ನ ಮಾತು ನಂಬಿ ಕೊಂಡ.

ಮೂರನೇ ದಿನ ಸಿಗ್ನಲ್ಲಿನಲ್ಲಿ ನಿಲ್ಲಿಸಲು ಹೋಗಿ ಬಿದ್ದ. ಸೊಂಟದ ಮೂಳೆ ಮುರಿಯಿತು. ಇನ್ನು ಸೈಕಲ್ ತುಳಿಯುವ ಮಾತೇ ಇಲ್ಲ ಎಂದರು ಡಾಕ್ಟರು.

ಕಿತ್ತಳೆ ಹಿಡಿದು ನೋಡಲು ಹೋದೆ. "ಸೈಕಲ್ ಸುಮ್ನೆ ತುಕ್ಕು ಹಿಡಿಯುತ್ತಲ್ಲೋ. ನಾನು ಒಯ್ಯಲಾ?"

ತಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದ: "ಅಣ್ಣಾ, ನನ್ನ ಪ್ಯಾಂಟೆಲ್ಲ ಹೊಲಿಯೋನು ನೀನೇ. ನನ್ನ ಕಾಲಿನ ಉದ್ದ ನಿನಗೆ ಗೊತ್ತಿರ್ಲಿಲ್ವಾ?"

ಕಿತ್ತಳೆಯೊಂದನ್ನು ಪೂರ್ತಿ ಸುಲಿದೆ.

"ಗೊತ್ತಿತ್ತು ಕಣೋ" ಎಂದೆ. "ಆ ಸೈಕಲ್ ನನ್ನ ಅಳತೆದು. ನಾಲ್ಕು ದಿನ ಒದ್ದಾಡಿ, ಬೇಸತ್ತು ನನಗೇ ಕೊಡ್ತೀಯ ಅಂದ್ಕೊಂಡಿದ್ದೆ."